ಇನ್ನೋವಾದ ಕಂಪನಿ ಸ್ಟೀರಿಯೋ ಬಿಚ್ಚಿ ಹೊಸದು ಕೂರಿಸಿದ್ದು, ಒಂದು ವೈರೂ ಕತ್ತರಿಸದೆ

ನಮ್ಮ ಮನೆಯ ಗಾಡಿ 2010ರ ಟೊಯೋಟಾ ಇನ್ನೋವಾ, ಡೀಸೆಲ್. ಬಿಡದಿಯಲ್ಲಿ ತಯಾರಾದದ್ದು. ಅದರ ಸ್ಟೀರಿಯೋ ಕೆಟ್ಟಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಡಿ ಹಾಕಿದರೆ ಇವತ್ತಿಗೂ ಹಾಡುತ್ತದೆ. ಆದರೆ ಸಿಡಿ ಎಲ್ಲಿದೆ? ಇದ್ದಬದ್ದ ಸಿಡಿಗಳೆಲ್ಲ ಗೀಚಿಹೋಗಿ, ಹಿತ್ತಲಿನ ಸೀಬೆಮರದಲ್ಲಿ ಗಿಳಿ ಓಡಿಸುವ ಕೆಲಸಕ್ಕೆ ನೇತಾಡುತ್ತಿವೆ. ಬ್ಲೂಟೂತ್ ಇಲ್ಲ. ಫೋನ್ ಬಂದರೆ ಗಾಡಿ ಪಕ್ಕಕ್ಕೆ ಹಾಕಬೇಕು. ಮ್ಯಾಪ್ ಬೇಕೆಂದರೆ ಏಸಿ ಕಿಂಡಿಗೆ ಫೋನ್ ಸಿಕ್ಕಿಸಬೇಕು, ಹೊಂಡ ಬಂದಾಗ ಅದು ಕಾಲಡಿಗೆ ಬೀಳಬೇಕು.

ಕ್ಯಾಲಿಫೋರ್ನಿಯಾದಲ್ಲಿರುವ ಭಾವಮೈದ ರಜೆಗೆ ಬರುವಾಗ ಡಬಲ್ ಡಿನ್ ಅನ್ನುವ ಅಳತೆಯ ಒಂದು ಸ್ಟೀರಿಯೋ ತಂದುಕೊಟ್ಟ. ಸುಮಾರು 7 ಇಂಚಿನ ಪರದೆ. ಫೋನಿನ ಮ್ಯಾಪ್, ಹಾಡು ಪರದೆಗೆ ತರುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಎರಡೂ ಇದೆ. ವಾಲ್ಯೂಮ್‌ಗೆ ಪುಣ್ಯಕ್ಕೆ ನಿಜವಾದ ಬಟನ್ ಇದೆ. ಪರದೆ ಉಜ್ಜಿ ವಾಲ್ಯೂಮ್ ಕಡಿಮೆ ಮಾಡುವ ಸ್ಟೀರಿಯೋಗಳು ನನಗೆ ಆಗಿಬರುವುದಿಲ್ಲ. ರಸ್ತೆ ನೋಡಬೇಕೋ ಪರದೆ ನೋಡಬೇಕೋ? ಇದು ಅಮೆರಿಕದ ಮಾರುಕಟ್ಟೆಗೆ ಮಾಡಿದ ಸ್ಟೀರಿಯೋ ಅನ್ನೋದು ಮುಂದೆ ಒಂದು ಕಡೆ ಆಟ ಆಡಿಸಿತು. ಅಲ್ಲಿಗೆ ಬಂದಾಗ ಹೇಳುತ್ತೇನೆ.

ಕೂರಿಸೋದಕ್ಕೆ ಎಷ್ಟಾಗುತ್ತದೆ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. "ಬಿಟ್ಟು ಹೋಗಿ ಸಾರ್. ವೈರ್ ಕಟ್ ಮಾಡಿ ಜಾಯಿಂಟ್ ಹೊಡೆದ್ರೆ ಅರ್ಧ ಗಂಟೆ ಕೆಲ್ಸ" ಎಂದರು. ಆ ಮಾತು ಕೇಳಿದ ಮೇಲೆಯೇ ಈ ಕೆಲಸ ನಾನೇ ಮಾಡಿಕೊಳ್ಳುವುದು ಅಂತ ತೀರ್ಮಾನ ಮಾಡಿದ್ದು.

ಕಾರಣ ಇದೆ. ಗೆಳೆಯನೊಬ್ಬನ ಗಾಡಿಗೆ ಹೀಗೇ ಯಾವುದೋ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ ಆಗಿತ್ತು. ವೈರ್‌ಗಳನ್ನು ಸ್ಟೀರಿಯೋಗೆ ಸಿಕ್ಕಿಸುವ ಕಂಪನಿಯ ಕಪ್ಲರ್ ಕತ್ತರಿಸಿ ಬಿಸಾಕಿದ್ದರು. ವೈರ್ ತುದಿಗಳನ್ನು ಹಲ್ಲಿನಲ್ಲಿ ಸುಲಿದು, ಹುರಿ ಮಾಡಿ, ಮೇಲೆ ಪ್ಲಾಸ್ಟಿಕ್ ಟೇಪ್ ಸುತ್ತಿದ್ದರು. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಒಳಗೆ ಆ ಟೇಪಿನ ಅಂಟು ಕರಗುತ್ತದೆ, ಟೇಪ್ ಜಾರುತ್ತದೆ. ಒಂದು ದಿನ ಬ್ಯಾಟರಿ ವೈರ್ ತಗಡಿಗೆ ತಾಗಿ ಫ್ಯೂಸ್ ಹೋಯಿತು. ಫ್ಯೂಸ್ ಇದ್ದದ್ದಕ್ಕೆ ಬಚಾವ್. ಮುಂದೆ ಗಾಡಿ ಮಾರುವಾಗ ಹಳೆಯ ಸ್ಟೀರಿಯೋ ಹಾಕೋಣ ಅಂದರೆ ಕಪ್ಲರೇ ಇಲ್ಲ.

ಕಂಪನಿ ವೈರಿಗೆ ಕತ್ತರಿ ಹಾಕಲೇಬೇಕಾದ ಸಂದರ್ಭ ತುಂಬಾ ಕಡಿಮೆ. ಗಾಡಿಯ ಕಪ್ಲರ್‌ಗೆ ಹೊಂದುವ ಎದುರು ಕಪ್ಲರ್ ಬೇರೆಯಾಗಿ ಸಿಗುತ್ತದೆ. ಟೊಯೋಟಾಗೆ 10 ಪಿನ್ನಿನದೊಂದು, 6 ಪಿನ್ನಿನದೊಂದು, ಎರಡೂ ಒಂದೇ ಸೆಟ್‌ನಲ್ಲಿ ಬರುತ್ತದೆ. ಅದರ ಇನ್ನೊಂದು ತುದಿಯ ಬಿಡಿ ವೈರ್‌ಗಳನ್ನು ಹೊಸ ಸ್ಟೀರಿಯೋ ಜೊತೆ ಬಂದ ವೈರ್‌ಗಳಿಗೆ ಮನೆಯ ಮೇಜಿನ ಮೇಲೆ ಕೂತು ನಿಧಾನಕ್ಕೆ ಬೆಸುಗೆ ಹಾಕಬಹುದು. ಗಾಡಿಯೊಳಗೆ ಬಗ್ಗಿ, ಕತ್ತು ನೋಯಿಸಿಕೊಂಡು, ಕತ್ತಲಲ್ಲಿ ಮಾಡುವ ಕೆಲಸ ಸಿಕ್ಕಿಸೋದು ಮಾತ್ರ. ಆ ಸೆಟ್ಟನ್ನು ಅದೇ ಜೆ.ಸಿ. ರಸ್ತೆಯಲ್ಲಿ ಬೇರೆ ಅಂಗಡಿಯಲ್ಲಿ ತಗೊಂಡೆ. ಕೆಲವು ನೂರು ರೂಪಾಯಿಯ ಬಾಬತ್ತು.

ಅಳತೆಯ ವಿಷಯ

ಡಿನ್ ಅನ್ನೋದು ಜರ್ಮನಿಯ ಮಾನಕ ಸಂಸ್ಥೆಯ ಹೆಸರು. ಅವರು ಹಾಕಿಕೊಟ್ಟ ಅಳತೆ ಆಮೇಲೆ ಐಎಸ್‌ಒ 7736 ಆಗಿ ಲೋಕಕ್ಕೆಲ್ಲ ಬಂತು. ಸಿಂಗಲ್ ಡಿನ್ ಅಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಅಂದರೆ ಅದೇ ಅಗಲ, 100 ಎತ್ತರ. ಆದರೆ ಟೊಯೋಟಾದವರ ಸ್ಟೀರಿಯೋ ಮುಖ 200 ಮಿಲಿಮೀಟರ್ ಅಗಲ. ಎತ್ತರ 100 ಸರಿಯಾಗಿಯೇ ಇದೆ. ಮಾಮೂಲಿ ಡಬಲ್ ಡಿನ್ ತಂದು ಕೂರಿಸಿದರೆ ಎರಡೂ ಪಕ್ಕ ಹತ್ತು ಹನ್ನೊಂದು ಮಿಲಿಮೀಟರ್ ಸಂದು ಉಳಿಯುತ್ತದೆ. ಬೆರಳು ತೂರುವಷ್ಟು.

ಇದಕ್ಕೆ ಎರಡು ದಾರಿ. 200 ಮಿಲಿಮೀಟರ್ ಅಗಲದ 'ಟೊಯೋಟಾ ಟೈಪ್' ಸ್ಟೀರಿಯೋ ತಗೊಳ್ಳೋದು. ಇಲ್ಲವೇ ಎರಡು ಪಕ್ಕಕ್ಕೂ ಕೂರಿಸುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ತಗೊಳ್ಳೋದು. ನನಗೆ ಪಟ್ಟಿಯೇ ಗತಿ. ದೊಡ್ಡ 9 ಇಂಚಿನ ಆಂಡ್ರಾಯ್ಡ್ ಪರದೆಗೆ ಇನ್ನೋವಾದ ಪೂರ್ತಿ ಫ್ರೇಮೇ ಸಿಗುತ್ತದೆ. ನೋಡೋಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಪರದೆ ರಾತ್ರಿ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗಿರುವ ಅಗ್ಗದ ಟ್ಯಾಬ್ಲೆಟ್ ಎರಡು ಮೂರು ವರ್ಷಕ್ಕೆ ಮುದಿಯಾಗುತ್ತದೆ. ನನ್ನ ಲೆಕ್ಕದಲ್ಲಿ ಬುದ್ಧಿ ಫೋನಿನಲ್ಲಿರಲಿ, ಸ್ಟೀರಿಯೋ ಬರೀ ಪರದೆ ಮತ್ತು ಆಂಪ್ಲಿಫೈಯರ್ ಆಗಿರಲಿ. ಫೋನ್ ಹೇಗೂ ಬದಲಾಯಿಸುತ್ತಲೇ ಇರುತ್ತೇವೆ, ಅಲ್ವಾ?

ಬಿಚ್ಚೋದು

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. 10ರ ಸ್ಪ್ಯಾನರ್ ಸಾಕು. ಬಿಚ್ಚಿದ ಮೇಲೆ ಕನಿಷ್ಠ 90 ಸೆಕೆಂಡ್ ಕಾಯಿರಿ ಅಂತ ಟೊಯೋಟಾದ ಸರ್ವಿಸ್ ಪುಸ್ತಕಗಳೇ ಹೇಳುತ್ತವೆ. ಏರ್‌ಬ್ಯಾಗ್ ಇರುವ ಗಾಡಿಗಳಿಗೆ ಇದು ಮುಖ್ಯ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗಿನ ಡಬ್ಬಿಯೊಳಗೆ ಕೊಂಚ ಹೊತ್ತು ವಿದ್ಯುತ್ ಉಳಿದಿರುತ್ತದೆ. ಅಷ್ಟು ಹೊತ್ತಿನಲ್ಲಿ ಗೇರ್ ಲಿವರ್ ಸುತ್ತ ಹಳೆಯ ಬೆಡ್‌ಶೀಟ್ ಹಾಸಿಕೊಂಡೆ. ಸ್ಕ್ರೂ ಬಿದ್ದರೆ ಸಂದಿಗೆ ಹೋಗದೆ ಬಟ್ಟೆ ಮೇಲೆ ಬೀಳಲಿ ಅಂತ.

ಸ್ಟೀರಿಯೋ ಸುತ್ತಲಿನ ಪ್ಲಾಸ್ಟಿಕ್ ಫಲಕ ನಿಂತಿರೋದು ಕ್ಲಿಪ್‌ಗಳ ಮೇಲೆ. ಮೀಟೋಕೆ ಸ್ಕ್ರೂಡ್ರೈವರ್ ಬಳಸಿದರೆ ಅಂಚು ಬೆಳ್ಳಗೆ ಗುರುತು ಬಿದ್ದೇ ಬೀಳುತ್ತದೆ. ಪ್ಲಾಸ್ಟಿಕ್ಕಿನ ಮೀಟುಗೋಲು ಸೆಟ್ ಅಗ್ಗಕ್ಕೆ ಸಿಗುತ್ತದೆ. ಅದೂ ಇಲ್ಲವೆಂದರೆ ಹಳೆಯ ಎಟಿಎಂ ಕಾರ್ಡ್ ಎರಡು ಜೋಡಿಸಿ ತೂರಿಸಿ. ಒಂದು ಮೂಲೆ ಎದ್ದ ಮೇಲೆ ಎರಡೂ ಕೈ ಬೆರಳು ಹಾಕಿ ನಮ್ಮ ಕಡೆಗೆ ನೇರವಾಗಿ ಎಳೆಯಬೇಕು. 'ಟಕ್' ಅನ್ನುತ್ತದೆ. ಮುರಿಯಿತು ಅಂತಲೇ ಅನಿಸುತ್ತದೆ. ಮುರಿದಿರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಾತ್ರ ಈ ಕೆಲಸ ಬೇಡ. ಹಳೆಯ ಪ್ಲಾಸ್ಟಿಕ್ ತಣ್ಣಗಿದ್ದಾಗ ಪೆಡಸಾಗಿರುತ್ತದೆ. ಗಾಡಿ ಸ್ವಲ್ಪ ಬಿಸಿಲು ಕಾದ ಮೇಲೆ ಮಾಡಿದರೆ ಕ್ಲಿಪ್ ಮೆತ್ತಗೆ ಬಿಡುತ್ತದೆ.

ಫಲಕ ಪೂರ್ತಿ ಎಳೆಯುವ ಮುಂಚೆ ಹಿಂದೆ ಕೈ ಹಾಕಿ ನೋಡಿ. ಅದಕ್ಕೆ ಸೇರಿದ ಸ್ವಿಚ್‌ಗಳ ವೈರ್ ಅಲ್ಲಿ ಇರುತ್ತದೆ. ಕಪ್ಲರ್‌ನ ನಾಲಿಗೆ ಒತ್ತಿ ಹಿಡಿದು ಕಪ್ಲರನ್ನೇ ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು.

ಒಳಗೆ ಸ್ಟೀರಿಯೋ ನಾಲ್ಕು ಬೋಲ್ಟ್‌ಗಳ ಮೇಲೆ ಕೂತಿದೆ. ಇದಕ್ಕೂ 10ರ ಸಾಕೆಟ್ಟೇ. ಉದ್ದ ಎಕ್ಸ್‌ಟೆನ್ಶನ್ ಇದ್ದರೆ ಕೈಗೆ ಸುಖ. ಬೋಲ್ಟ್ ತೆಗೆದು ಮುಂದಕ್ಕೆ ಎಳೆದರೆ ಇಡೀ ಪೆಟ್ಟಿಗೆ ಎರಡು ಪಕ್ಕದ ಕಬ್ಬಿಣದ ಬ್ರಾಕೆಟ್ ಸಮೇತ ಬರುತ್ತದೆ. ಹಿಂದೆ 10 ಪಿನ್ ಕಪ್ಲರ್, 6 ಪಿನ್ ಕಪ್ಲರ್, ಆಂಟೆನಾ ಪ್ಲಗ್. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ. ಹಳೆಯ ಧೂಳು ಎಷ್ಟಿತ್ತು ಅಂದರೆ, ಬ್ರಷ್ ಹಾಕಿ ಉದುರಿಸಿದ ಮೇಲೆ ವೈರ್‌ಗಳ ಬಣ್ಣ ಕಂಡಿತು.

ಮೀಟರ್ ಹಿಡಿದು ಪಿನ್ ಪಿನ್ ನೋಡಿದ್ದು

ಇಲ್ಲಿ ನಾನು ಬೇಕಂತಲೇ ಜಾಸ್ತಿ ಹೊತ್ತು ತಗೊಂಡೆ. ಇಡೀ ಕೆಲಸದಲ್ಲಿ ತಲೆ ಬೇಕಾಗುವ ಜಾಗ ಇದೊಂದೇ. ಉಳಿದದ್ದೆಲ್ಲ ಸ್ಪ್ಯಾನರ್ ಕೆಲಸ.

ಗಾಡಿಯ ಕಪ್ಲರ್‌ನಲ್ಲಿ ಯಾವ ಪಿನ್ ಏನು ಅಂತ ಚಾರ್ಟ್‌ಗಳು ಬೇಕಾದಷ್ಟಿವೆ. ಟೊಯೋಟಾದ 10 ಪಿನ್ ಕಪ್ಲರ್‌ನಲ್ಲಿ ಮುಂದಿನ ಎರಡು ಸ್ಪೀಕರ್ ಮತ್ತು ಪವರ್ ಇರುತ್ತದೆ. 6 ಪಿನ್ನಿನದರಲ್ಲಿ ಹಿಂದಿನ ಸ್ಪೀಕರ್‌ಗಳು. ಟೊಯೋಟಾದಲ್ಲಿ ಸಾಮಾನ್ಯವಾಗಿ ನೀಲಿ-ಹಳದಿ ಗೆರೆಯದು ಸದಾ ಇರುವ 12 ವೋಲ್ಟ್, ಬೂದು ಬಣ್ಣದ್ದು ಕೀಲಿ ತಿರುಗಿಸಿದರೆ ಬರುವ 12 ವೋಲ್ಟ್, ಕಂದು ಅರ್ಥ್ (ಗಾಡಿಯ ತಗಡಿಗೆ ಸೇರಿದ ನೆಗೆಟಿವ್), ಹಸಿರು ಪಾರ್ಕ್ ಲೈಟ್ ಹಾಕಿದಾಗ ಬರುವುದು. ಚಾರ್ಟ್ ಕೈಯಲ್ಲಿರಲಿ, ಆದರೆ ಕೊನೆಯ ಮಾತು ಮಲ್ಟಿಮೀಟರಿನದು. ಮಾಡೆಲ್ ವರ್ಷ ಬದಲಾದರೆ ಬಣ್ಣವೂ ಬದಲಾಗಬಹುದು.

ಬ್ಯಾಟರಿ ಮತ್ತೆ ಜೋಡಿಸಿದೆ. ಸ್ಟೀರಿಯೋ ಇಲ್ಲದೆ ಕಪ್ಲರ್‌ಗಳು ಮಾತ್ರ ಹೊರಗೆ ನೇತಾಡುತ್ತಿವೆ, ಒಂದಕ್ಕೊಂದು ತಾಗದಂತೆ. ಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಒಳಗಿನ ಬರಿಯ ತಗಡಿನ ಬೋಲ್ಟ್‌ಗೆ ಹಿಡಿದೆ. ಕೆಂಪು ಕಡ್ಡಿ ಮೊದಲ ವೈರ್‌ಗೆ: ಕೀಲಿ ತೆಗೆದಿದ್ದರೂ 12.5. ಇದು ಸದಾ ಇರುವ ಪವರ್. ಗಡಿಯಾರ, ಸ್ಟೇಷನ್ ನೆನಪು ಎಲ್ಲ ಇದರಿಂದ. ಇನ್ನೊಂದಕ್ಕೆ: ಸೊನ್ನೆ. ಕೀಲಿಯನ್ನು ಎಸಿಸಿಗೆ (ಎಂಜಿನ್ ಓಡದೆ ಸ್ಟೀರಿಯೋ ಹಾಡುವ ಹಂತ) ತಿರುಗಿಸಿದರೆ 12.4, ತೆಗೆದರೆ ಮತ್ತೆ ಸೊನ್ನೆ. ಇದು ಎಸಿಸಿ. ಪಾರ್ಕ್ ಲೈಟ್ ಹಾಕಿದಾಗ ಮಾತ್ರ ಎದ್ದದ್ದು ಇಲ್ಯುಮಿನೇಷನ್. ಅರ್ಥ್ ವೈರ್‌ಗೆ ಮೀಟರನ್ನು ಬೀಪ್‌ಗೆ ಇಟ್ಟು ತಗಡಿಗೂ ಅದಕ್ಕೂ ಹಿಡಿದರೆ ಕೂಗಬೇಕು. ಕೂಗಿತು.

ಹೊಸ ಸ್ಟೀರಿಯೋ ಕಡೆಯ ಬಣ್ಣಗಳು ಹೆಚ್ಚುಕಡಿಮೆ ಎಲ್ಲ ಹೆಸರಾಂತ ಕಂಪನಿಗಳಲ್ಲೂ ಒಂದೇ. ಹಳದಿ ಅಂದರೆ ಸದಾ ಪವರ್. ಕೆಂಪು ಎಸಿಸಿ. ಕಪ್ಪು ಅರ್ಥ್. ಕಿತ್ತಳೆ ಇಲ್ಯುಮಿನೇಷನ್. ನೀಲಿ ಆಂಟೆನಾಗೆ, ನೀಲಿ-ಬಿಳಿ ಹೊರಗಿನ ಆಂಪ್ಲಿಫೈಯರ್‌ಗೆ. ಸ್ಪೀಕರ್‌ಗೆ ಬಿಳಿ ಎಡ ಮುಂದೆ, ಬೂದು ಬಲ ಮುಂದೆ, ಹಸಿರು ಎಡ ಹಿಂದೆ, ನೇರಳೆ ಬಲ ಹಿಂದೆ. ಪ್ರತಿಯೊಂದರಲ್ಲೂ ಕಪ್ಪು ಗೆರೆ ಇರುವುದು ನೆಗೆಟಿವ್.

ಹಳದಿ ಮತ್ತು ಕೆಂಪು ಅದಲುಬದಲಾದರೆ ಸ್ಟೀರಿಯೋ ಹಾಡುತ್ತದೆ, ಆದರೆ ಗಾಡಿ ಆಫ್ ಮಾಡಿದಾಗಲೆಲ್ಲ ಎಲ್ಲ ಸೆಟ್ಟಿಂಗ್ ಮರೆಯುತ್ತದೆ. ಕೆಲವರು ಬೇಸತ್ತು ಎರಡನ್ನೂ ಸದಾ ಪವರ್‌ಗೇ ಕೊಟ್ಟುಬಿಡುತ್ತಾರೆ. ಆಗ ಸ್ಟೀರಿಯೋ ಮಲಗುವುದೇ ಇಲ್ಲ. ಅರ್ಧ ಆಂಪ್ ಎಳೆಯುತ್ತಾ ಕೂತರೂ ದಿನಕ್ಕೆ 12 ಆಂಪ್ ಅವರ್. ಸಣ್ಣ ಪೆಟ್ರೋಲ್ ಗಾಡಿಯ 35 ಆಂಪ್ ಅವರ್ ಬ್ಯಾಟರಿ ಮೂರು ದಿನಕ್ಕೆ ಮಲಗುತ್ತದೆ. ಊರಿಗೆ ಹೋಗಿ ಬಂದವರು ತಳ್ಳಿ ಸ್ಟಾರ್ಟ್ ಮಾಡುವುದು ಇದಕ್ಕೇ. ಫೋಕ್ಸ್‌ವ್ಯಾಗನ್ ಗಾಡಿ ಇರುವವರು ಇನ್ನೂ ಎಚ್ಚರ ಇರಬೇಕು. ಐಎಸ್‌ಒ ಮಾನಕದ ಕಪ್ಲರ್‌ನಲ್ಲಿ ಸದಾ ಪವರ್ ಮತ್ತು ಎಸಿಸಿಯ ಎ4, ಎ7 ಪಿನ್‌ಗಳು ಅವರಲ್ಲಿ ಹಿಂದುಮುಂದು ಇರುವುದು ಹಳೆಯ ಕಥೆ.

ಸ್ಪೀಕರ್ ವೈರ್‌ಗಳನ್ನು ಓಮ್‌ಗೆ ಇಟ್ಟು ನೋಡಬೇಕು. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ ಮೂರೂವರೆಯ ಆಸುಪಾಸು ತೋರಿಸುತ್ತದೆ. ನಾಲ್ಕು ಜೋಡಿಯೂ ಹಾಗೇ ತೋರಿಸಿತು. ಜೊತೆಗೆ ಪ್ರತಿ ಸ್ಪೀಕರ್ ವೈರ್‌ಗೂ ತಗಡಿಗೂ ಸಂಪರ್ಕ ಇಲ್ಲ ಅನ್ನೋದನ್ನೂ ನೋಡಿಕೊಂಡೆ. ಇದು ಜೀವನ್ಮರಣದ ಪ್ರಶ್ನೆ, ಸ್ಟೀರಿಯೋ ಪಾಲಿಗೆ. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ನೆಗೆಟಿವ್ ಅಂದರೆ ಅರ್ಥ್ ಅಲ್ಲ. ಎರಡು ತುದಿಯಲ್ಲೂ ಒಂದೊಂದು ಆಂಪ್ಲಿಫೈಯರ್ ಇದ್ದು, ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ. ಆ ನೆಗೆಟಿವ್‌ಗಳನ್ನೆಲ್ಲ ಒಟ್ಟು ಮಾಡಿ ಗಾಡಿಯ ತಗಡಿಗೆ ಕೊಟ್ಟರೆ ಒಳಗಿನ ಆಂಪ್ಲಿಫೈಯರ್ ಚಿಪ್ ಹೊಗೆಯಾಡುತ್ತದೆ. ಹಳೇ ಕಾಲದ ಮೆಕ್ಯಾನಿಕ್‌ಗಳಿಗೆ ಹಾಗೆ ಕೊಡುವ ಅಭ್ಯಾಸ ಇದೆ, ಯಾಕೆಂದರೆ ಹಳೇ ಕಾಲದ ಸೆಟ್‌ಗಳಲ್ಲಿ ಅದು ನಡೆಯುತ್ತಿತ್ತು.

ಇನ್ನು ಪೋಲಾರಿಟಿ, ಅಂದರೆ ಸ್ಪೀಕರಿನ ಪ್ಲಸ್ ಯಾವುದು, ಮೈನಸ್ ಯಾವುದು ಅನ್ನೋದು. 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಸಾಕು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರ್ ಪ್ಲಸ್ ಅಂದುಕೊಂಡ ವೈರ್‌ಗೆ, ಮೈನಸ್ಸನ್ನು ಇನ್ನೊಂದಕ್ಕೆ, ಒಂದು ಕ್ಷಣ ಮುಟ್ಟಿಸಿ ಬಿಡಬೇಕು. ಬಾಗಿಲಲ್ಲಿ 'ಟಪ್' ಅನ್ನುತ್ತದೆ. ಮಗಳು ಟಾರ್ಚ್ ಹಿಡಿದು ಜಾಲರಿಯೊಳಗೆ ಇಣುಕಿ, ಸ್ಪೀಕರಿನ ಕಾಗದ ನೋಡಿ "ಹೊರಗೆ ಬಂತಪ್ಪಾ" ಅಂದರೆ ಸರಿ. "ಒಳಗೆ ಹೋಯ್ತು" ಅಂದರೆ ಉಲ್ಟಾ. ನಾನು ಈ ಪರೀಕ್ಷೆಯನ್ನು ಗಾಡಿಯ ಕಪ್ಲರ್‌ಗೆ ಮಾಡಲಿಲ್ಲ. ಕೊಂಡು ತಂದ ಎದುರು ಕಪ್ಲರ್ ಸಿಕ್ಕಿಸಿ, ಅದರ ಬಿಡಿ ತುದಿಗಳಲ್ಲಿ ಮಾಡಿದೆ. ಮೂರು ಸ್ಪೀಕರ್ ಹೊರಗೆ ಬಂದವು. ಹಿಂದಿನ ಎಡಗಡೆಯದು ಒಳಗೆ ಹೋಯಿತು. ಎದುರು ಕಪ್ಲರ್ ಮಾಡಿದವರು ಹಸಿರು ಮತ್ತು ಹಸಿರು-ಕಪ್ಪು ವೈರ್ ಅದಲುಬದಲು ಮಾಡಿದ್ದಾರೆ!

ಇದನ್ನು ಗಮನಿಸದೆ ಜೋಡಿಸಿದ್ದರೆ ಏನೂ ಸುಡುತ್ತಿರಲಿಲ್ಲ. ಹಾಡೂ ಬರುತ್ತಿತ್ತು. ಆದರೆ ಹಿಂದಿನ ಒಂದು ಸ್ಪೀಕರ್ ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಮೃದಂಗದ ಎಡಬದಿಯ ಗುಂಕಿ ಅರ್ಧಕ್ಕರ್ಧ ಮಾಯ. ಹೊಸ ಸ್ಟೀರಿಯೋ ಹಾಕಿದ ಮೇಲೂ ಬೇಸ್ ಇಲ್ಲ ಅಂತ ಎಷ್ಟೋ ಜನ ಸಬ್‌ವೂಫರ್ ತಗೊಳ್ಳೋಕೆ ಹೋಗುವುದು ಇಂಥ ಕಾರಣಕ್ಕೇ ಇರಬಹುದು. ಆ ಎರಡು ವೈರ್‌ಗೆ ಬಿಳಿ ಟೇಪ್ ಸುತ್ತಿ ಗುರುತು ಮಾಡಿಟ್ಟೆ.

ಬೆಸುಗೆ

ಬ್ಯಾಟರಿ ಮತ್ತೆ ಬಿಚ್ಚಿ, ಎದುರು ಕಪ್ಲರ್ ಮತ್ತು ಸ್ಟೀರಿಯೋ ವೈರ್ ಎರಡನ್ನೂ ಊಟದ ಮೇಜಿಗೆ ತಂದೆ. ಹೆಂಡತಿ ಮೇಜಿನ ಮೇಲೆ ಪೇಪರ್ ಹಾಸಿದ ಮೇಲೆ ಅನುಮತಿ ಸಿಕ್ಕಿತು. ವೈರ್ ಸುಲಿದು, ಮೊದಲು ಹೀಟ್ ಶ್ರಿಂಕ್ ಸ್ಲೀವ್ (ಕಾವಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಿ, ಆಮೇಲೆ ಎರಡು ತುದಿಯನ್ನು ಎದುರುಬದುರಾಗಿ ಹೆಣೆದು ಬೆಸುಗೆ. ಸ್ಲೀವನ್ನು ಬೆಸುಗೆಯಿಂದ ದೂರಕ್ಕೆ ಜರುಗಿಸಿ ಇಡಬೇಕು. ಹತ್ತಿರ ಇದ್ದರೆ ಕಾವಿಗೆ ಅಲ್ಲೇ ಮುದುಡಿಕೊಳ್ಳುತ್ತದೆ. ಬೆಸುಗೆ ಹೊಳೆಯುತ್ತಾ ವೈರ್ ಎಳೆಗಳೊಳಗೆ ಇಳಿದಿದ್ದರೆ ಸರಿ. ಮಂಕಾಗಿ ಗುಂಡಗೆ ಮೇಲೆಯೇ ಕೂತಿದ್ದರೆ ಮತ್ತೆ ಕಾಯಿಸಿ. ಜಾಯಿಂಟ್‌ಗಳೆಲ್ಲ ಒಂದೇ ಜಾಗಕ್ಕೆ ಬಂದರೆ ಗಂಟು ದಪ್ಪವಾಗುತ್ತದೆ. ಒಂದೊಂದನ್ನು ಒಂದೊಂದು ಉದ್ದಕ್ಕೆ ಕತ್ತರಿಸಿಕೊಂಡರೆ ಕಟ್ಟು ತೆಳ್ಳಗಿರುತ್ತದೆ.

ಬಳಸದ ವೈರ್‌ಗಳ ತುದಿಗೂ ಸ್ಲೀವ್ ಹಾಕಿ ಮುಚ್ಚಿದೆ. ಅದರಲ್ಲೂ ನೀಲಿ-ಬಿಳಿ. ಅದರಿಂದ 12 ವೋಲ್ಟ್ ಹೊರಗೆ ಬರುತ್ತದೆ, ಬರಿಯ ತುದಿ ತಗಡಿಗೆ ತಾಗಬಾರದು. ಬರೀ ನೀಲಿಯನ್ನು ಮಾತ್ರ ಗಾಡಿಯ ಆಂಟೆನಾ ಪಿನ್‌ಗೆ ಕೊಟ್ಟೆ. ಆಂಟೆನಾದಲ್ಲಿ ಬೂಸ್ಟರ್ ಇರುವ ಗಾಡಿಗಳಲ್ಲಿ ಈ ವೈರ್ ಬಿಟ್ಟುಹೋದರೆ ಎಫ್‌ಎಂ ಪೂರ್ತಿ ಸೊಯ್ ಅನ್ನುತ್ತದೆ. ಜನ ಸ್ಟೀರಿಯೋ ಬೈಯುತ್ತಾರೆ.

ತಿಳಿ ಹಸಿರು ವೈರ್ ಒಂದಿದೆ, ಹ್ಯಾಂಡ್‌ಬ್ರೇಕ್‌ದು. ಬ್ರೇಕ್ ಎಳೆದಾಗ ಅಲ್ಲಿನ ಸ್ವಿಚ್ ಆ ವೈರನ್ನು ಅರ್ಥ್‌ಗೆ ಸೇರಿಸುತ್ತದೆ, ಆಗ ಮಾತ್ರ ವಿಡಿಯೋ ಬರುತ್ತದೆ. ಅದನ್ನು ನೇರ ಕಪ್ಪು ವೈರ್‌ಗೆ ಕಟ್ಟಿಬಿಡಿ, ಓಡಿಸುವಾಗಲೂ ಸಿನಿಮಾ ನೋಡಬಹುದು ಅಂತ ಎಲ್ಲರೂ ಹೇಳಿಕೊಡುತ್ತಾರೆ. ನಾನು ಸ್ವಿಚ್‌ವರೆಗೂ ವೈರ್ ಎಳೆದೆ. ಮ್ಯಾಪ್, ಹಾಡು, ಫೋನ್ ಯಾವುದಕ್ಕೂ ಇದು ಅಡ್ಡ ಬರುವುದಿಲ್ಲ. ನೂರರಲ್ಲಿ ಓಡುವ ಗಾಡಿಯ ಡ್ರೈವರ್ ಮುಂದೆ ಸಿನಿಮಾ ಯಾಕೆ ಬೇಕು?

ಕೂರಿಸಿದ್ದು

ಹಳೆಯ ಸ್ಟೀರಿಯೋದ ಬ್ರಾಕೆಟ್‌ಗಳನ್ನೇ ಬಿಚ್ಚಿ ಹೊಸದಕ್ಕೆ ಹಾಕಬೇಕು. ಪಕ್ಕದಲ್ಲಿ ತೂತುಗಳ ಸಾಲೇ ಇದೆ, ಹೊಂದುವುದನ್ನು ಹುಡುಕಿಕೊಳ್ಳಬೇಕು. ಡಬ್ಬದಲ್ಲಿ ಬಂದ ಗಿಡ್ಡ 5 ಮಿಲಿಮೀಟರ್ ಸ್ಕ್ರೂಗಳನ್ನೇ ಬಳಸಿ. ಮನೆಯಲ್ಲಿರುವ ಉದ್ದ ಸ್ಕ್ರೂ ಹಾಕಿ ಬಿಗಿದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಮೊದಲು ಸ್ಕ್ರೂ ಸಡಿಲವಾಗಿಟ್ಟು, ಫಲಕ ಹಿಡಿದು ಮುಖ ಎಷ್ಟು ಮುಂದೆ ಬರಬೇಕು ನೋಡಿಕೊಂಡು, ಆಮೇಲೆ ಬಿಗಿ ಮಾಡಿದೆ. ಪಕ್ಕದ ಪಟ್ಟಿಗಳು ಸಂದು ಮುಚ್ಚಿದವು. ಬಲಗಡೆ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ನನಗೆ ಮಾತ್ರ ಕಾಣುತ್ತದೆ ಅಂತ ಮನೆಯವರ ಅಭಿಪ್ರಾಯ.

ಬಿಗಿಯುವ ಮುಂಚೆ ಎಲ್ಲ ಸಿಕ್ಕಿಸಿ, ಬ್ಯಾಟರಿ ಕೊಟ್ಟು ಒಂದು ಸಲ ಪೂರ್ತಿ ಪರೀಕ್ಷೆ ಮಾಡಿದೆ. ಬ್ಯಾಲೆನ್ಸ್ ಎಡಕ್ಕೆ, ಬಲಕ್ಕೆ. ಫೇಡರ್ ಮುಂದೆ, ಹಿಂದೆ. ನಾಲ್ಕು ಮೂಲೆಯೂ ಸರಿ. ಲೈಟ್ ಹಾಕಿದರೆ ಪರದೆ ಮಂಕಾಗಬೇಕು, ಆಯಿತು. ಕೀಲಿ ತೆಗೆದು ಮತ್ತೆ ಹಾಕಿದರೆ ನಿಲ್ಲಿಸಿದ ಹಾಡೇ ಮುಂದುವರಿಯಬೇಕು, ಆಯಿತು. ವೈರ್ ಕಟ್ಟಿಗೆ ಬಟ್ಟೆ ಟೇಪ್ ಸುತ್ತಿ ಸ್ಟೀರಿಯೋ ಹಿಂದೆ ಅಲ್ಲ, ಕೆಳಗಿನ ಖಾಲಿ ಜಾಗಕ್ಕೆ ಇಳಿಸಿದೆ. ಹಿಂದೆಯೇ ತುರುಕಿದರೆ ಪೆಟ್ಟಿಗೆ ಪೂರ್ತಿ ಒಳಗೆ ಹೋಗುವುದಿಲ್ಲ, ಬಲವಂತ ಮಾಡಿದರೆ ವೈರ್ ಜಜ್ಜುತ್ತದೆ. ಬಟ್ಟೆ ಟೇಪ್ ಇಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ಕಪ್ಲರ್‌ಗಳು ಒಳಗೆ ಕಟಕಟ ಅಂತಿರುತ್ತವೆ. ಯುಎಸ್‌ಬಿ ವೈರನ್ನು ಗ್ಲೋವ್ ಬಾಕ್ಸ್‌ಗೆ ಇಳಿಸಿದೆ. ಮೈಕನ್ನು ಸ್ಟೀರಿಂಗ್ ಕಂಬದ ಮೇಲೆ ಅಂಟಿಸಿದೆ. ಏಸಿ ಗಾಳಿ ನೇರ ಹೊಡೆಯದ ಜಾಗ ಆಗಿರಬೇಕು, ಅಷ್ಟೇ.

ನಮ್ಮ ಗಾಡಿಯ ಸ್ಟೀರಿಂಗ್‌ನಲ್ಲಿ ಆಡಿಯೋ ಬಟನ್ ಇಲ್ಲ. ಇರುವವರಿಗೆ ಟೊಯೋಟಾದಲ್ಲಿ ಇನ್ನೊಂದು ಕಪ್ಲರ್ ಇರುತ್ತದೆ. ಅದರಲ್ಲಿ ಬಟನ್‌ಗಳ ಎರಡು ವೈರ್, ಎಸ್‌ಡಬ್ಲ್ಯೂ1, ಎಸ್‌ಡಬ್ಲ್ಯೂ2, ಮತ್ತು ಅದರದೇ ಅರ್ಥ್. ಒಂದೊಂದು ಬಟನ್‌ಗೂ ಒಂದೊಂದು ರೆಸಿಸ್ಟೆನ್ಸ್, ಅಷ್ಟೇ ಅದರ ಗುಟ್ಟು. ಹೊಸ ಸ್ಟೀರಿಯೋದ ಕೀ1, ಕೀ2 ವೈರ್‌ಗೆ ಕೊಟ್ಟು, ಮೆನುವಿನಲ್ಲಿ ಒಂದೊಂದೇ ಬಟನ್ ಒತ್ತಿ ಕಲಿಸಬೇಕು.

ಮೈಸೂರಿನಲ್ಲಿ ಗೊತ್ತಾದದ್ದು

ಬೆಂಗಳೂರಿನಲ್ಲಿ ಎಫ್‌ಎಂ ಲಕಲಕ ಬಂತು. 91.1 ರೇಡಿಯೋ ಸಿಟಿ, 100.1 ಅಮೃತವರ್ಷಿಣಿ, 101.3 ರೇನ್‌ಬೋ, 102.9 ವಿವಿಧ ಭಾರತಿ. ಎಲ್ಲವೂ ಸ್ವಚ್ಛ. ಆ ವಾರ ಮೈಸೂರಿಗೆ ಹೋದೆವು. ಮೈಸೂರಿನಲ್ಲಿ ಅಪ್ಪ ಗಾಡಿಗೆ ಹತ್ತಿದರು. ಅವರಿಗೆ ಬೇಕಾದದ್ದು ಮೈಸೂರು ಆಕಾಶವಾಣಿ, 100.6.

"ಏನೋ ಇದು, ವಾರ್ತೆ ಓದೋರಿಗೆ ನೆಗಡಿನಾ?" ಎಂದರು.

ನಿಜ. ಸ್ಟೇಷನ್ ಬರುತ್ತಿತ್ತು, ಆದರೆ 'ಸ', 'ಶ' ಬಂದಾಗಲೆಲ್ಲ ಕರಕರ ಹರಿಯುತ್ತಿತ್ತು. ಆಂಟೆನಾ ಸಡಿಲ ಆಗಿದೆ ಅಂತ ಮೊದಲು ಯಾರಿಗಾದರೂ ಅನಿಸುತ್ತದೆ. ಆದರೆ ಸಿಗ್ನಲ್ ಕಡಿಮೆ ಇದ್ದರೆ ಸೊಯ್ ಅನ್ನುವ ಸದ್ದು ಸದಾ ಇರಬೇಕು. ಇಲ್ಲಿ ಮಾತಿನ ಮಧ್ಯೆ ಮೌನ ಶುದ್ಧವಾಗಿದೆ, ಜೋರು ಅಕ್ಷರ ಮಾತ್ರ ಒಡೆಯುತ್ತಿದೆ. ಪರದೆ ನೋಡಿದೆ. 100.7 ಅಂತಿದೆ. ಒಂದು ಹೆಜ್ಜೆ ಹಿಂದೆ ಒತ್ತಿದೆ. 100.5. ನಡುವೆ 100.6 ಇಲ್ಲವೇ ಇಲ್ಲ!

ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳು 200 ಕಿಲೋಹರ್ಟ್ಸ್ ಅಂತರದಲ್ಲಿ ಇರುತ್ತವೆ, ಅದೂ ದಶಮಾಂಶದ ಮುಂದೆ ಬೆಸ ಸಂಖ್ಯೆ ಮಾತ್ರ: 87.9, 88.1, 88.3 ಹೀಗೆ. ಅಲ್ಲಿಗಾಗಿ ಮಾಡಿದ ಸ್ಟೀರಿಯೋ ಅದೇ ಹೆಜ್ಜೆಯಲ್ಲಿ ಹೋಗುತ್ತದೆ. ಬೆಂಗಳೂರಿನಲ್ಲಿ ನಾನು ಕೇಳಿದ ನಾಲ್ಕೂ ಸ್ಟೇಷನ್‌ಗಳು ಬೆಸ ಸಂಖ್ಯೆಯಲ್ಲೇ ಮುಗಿಯುತ್ತವೆ. 91.1, 100.1, 101.3, 102.9. ಹಾಗಾಗಿ ಅಲ್ಲಿ ಇದು ಗೊತ್ತಾಗುವ ಸಂಭವವೇ ಇರಲಿಲ್ಲ. ಮೈಸೂರಿನ 100.6ರ ಕೊನೆಯ 6 ಸಮಸಂಖ್ಯೆ. ಸಿಕ್ಕಿಬಿತ್ತು.

"ಇರಿ ಅಪ್ಪಾ, ಒಂದ್ನಿಮಿಷ" ಅಂತ ಗಾಡಿ ಪಕ್ಕಕ್ಕೆ ಹಾಕಿದೆ. ಟ್ಯೂನರ್ ಸೆಟ್ಟಿಂಗ್‌ನಲ್ಲಿ 'ಏರಿಯಾ' ಅಂತ ಒಂದು ಸಾಲು ಇದೆ. ಅಮೆರಿಕ, ದಕ್ಷಿಣ ಅಮೆರಿಕ, ಯೂರೋಪ್ ಅಂತ ಮೂರು ಆಯ್ಕೆ. ಭಾರತ ಅಂತ ಇಲ್ಲ. ನಮಗೆ ಹೊಂದುವುದು ಯೂರೋಪ್: ಎಫ್‌ಎಂ 50 ಕಿಲೋಹರ್ಟ್ಸ್ ಹೆಜ್ಜೆ, ಎಎಂ 9 ಕಿಲೋಹರ್ಟ್ಸ್ ಹೆಜ್ಜೆ. ಬದಲಾಯಿಸಿದ ಕೂಡಲೇ ಉಳಿಸಿಟ್ಟ ಸ್ಟೇಷನ್‌ಗಳೆಲ್ಲ ಅಳಿಸಿಹೋದವು. 100.6 ಬಂತು, ನೆಗಡಿ ವಾಸಿಯಾಯಿತು. ಎಎಂಗೂ ಇದೇ ಲೆಕ್ಕ. ನಮ್ಮ ಮೀಡಿಯಂ ವೇವ್ ಸಂಖ್ಯೆಗಳೆಲ್ಲ 9ರ ಗುಣಕಗಳು. ಬೆಂಗಳೂರಿನ 612, ಧಾರವಾಡದ 765 ಎರಡನ್ನೂ ಭಾಗಿಸಿ ನೋಡಿ. ಅಮೆರಿಕದ 10ರ ಹೆಜ್ಜೆಯಲ್ಲಿ ಹೋದರೆ 610, 620 ಸಿಗುತ್ತದೆ, 612 ಸಿಗುವುದಿಲ್ಲ.

ಹೊರದೇಶದಿಂದ ಸ್ಟೀರಿಯೋ ತರಿಸುವವರು ಇದೊಂದನ್ನು ಮೊದಲೇ ನೋಡಿಕೊಳ್ಳಿ. ಏರಿಯಾ ಬದಲಾಯಿಸಲು ಬಾರದ ಸೆಟ್‌ಗಳೂ ಇವೆ. ಜಪಾನಿನಿಂದ ಬರುವ ಹಳೇ ಸೆಟ್‌ಗಳ ಕಥೆ ಇನ್ನೂ ಕಷ್ಟ. ಅಲ್ಲಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಇದ್ದದ್ದು. ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ 91.1 ಕೂಡ ಬರುವುದಿಲ್ಲ.

ಸದ್ದು ಎಷ್ಟು ಬದಲಾಯಿತು

ಡಬ್ಬದ ಮೇಲೆ 50 ವ್ಯಾಟ್ ಗುಣಿಸು 4 ಅಂತ ದೊಡ್ಡದಾಗಿ ಬರೆದಿದೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಎಂಜಿನ್ ಓಡುವಾಗ ಗಾಡಿಯಲ್ಲಿರುವುದು ಹೆಚ್ಚೆಂದರೆ 14.4 ವೋಲ್ಟ್. ಆ ವೋಲ್ಟೇಜನ್ನು ಪೂರ್ತಿ 4 ಓಮ್ ಸ್ಪೀಕರ್‌ಗೆ ಕೊಟ್ಟರೂ, ಅಲೆ ಒಡೆಯದೆ ಸಿಗುವುದು 14.4ರ ವರ್ಗ ಭಾಗ 8, ಅಂದರೆ 26 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕೆಂದರೆ ಒಳಗೆ ವೋಲ್ಟೇಜ್ ಏರಿಸುವ ಬೇರೆ ಸರ್ಕ್ಯೂಟ್ ಬೇಕು, ಇಷ್ಟು ಸಣ್ಣ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಹಿಂದಿರುವ ಫ್ಯೂಸ್ ನೋಡಿದರೂ ಸತ್ಯ ಗೊತ್ತಾಗುತ್ತದೆ. ಕೆಂಪು ಬಣ್ಣದ 10 ಆಂಪ್ ಫ್ಯೂಸ್. 10 ಆಂಪ್ ಗುಣಿಸು 14.4 ಅಂದರೆ 144 ವ್ಯಾಟ್ ಒಳಗೆ ಹೋಗುತ್ತದೆ. 200 ವ್ಯಾಟ್ ಹೊರಗೆ ಹೇಗೆ ಬರುತ್ತದೆ?

ಹಾಗಾಗಿ ಜೋರು ವಿಷಯದಲ್ಲಿ ಹಳೆಯದಕ್ಕೂ ಹೊಸದಕ್ಕೂ ಅಜಗಜಾಂತರ ಏನಿಲ್ಲ. ಸುಖ ಬೇರೆ ಕಡೆ ಸಿಕ್ಕಿತು. ಹೈ ಪಾಸ್ ಫಿಲ್ಟರ್ ಅಂತ ಒಂದು ಆಯ್ಕೆ ಇದೆ. ಅದನ್ನು 80 ಹರ್ಟ್ಸ್‌ಗೆ ಇಟ್ಟೆ. ಅದಕ್ಕಿಂತ ಕೆಳಗಿನ ಗುಡುಗನ್ನು ಬಾಗಿಲಿನ ಹಳೇ ಕಾಗದದ ಸ್ಪೀಕರ್‌ಗಳಿಗೆ ಕೊಡದೆ ತಡೆಯುತ್ತದೆ. ಮೊದಲು ವಾಲ್ಯೂಮ್ ಅರ್ಧ ದಾಟಿದರೆ ಬಾಗಿಲು ಗಡಗಡ ಅನ್ನುತ್ತಿತ್ತು, ಹಾಡಿನ ಮಾತು ಕಲಸಿಹೋಗುತ್ತಿತ್ತು. ಈಗ ಗಡಗಡ ಇಲ್ಲ, ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಸ್ಪೀಕರ್ ಬದಲಾಯಿಸುವ ಖರ್ಚು ಸದ್ಯಕ್ಕೆ ಮುಂದಕ್ಕೆ ಹೋಯಿತು.

ಕೊನೆಯ ಪರೀಕ್ಷೆ ಮಲಗಿದಾಗ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನೋದು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಹಾಕಿ, ಬ್ಯಾಟರಿ ನೆಗೆಟಿವ್‌ಗೂ ಅದರ ವೈರ್‌ಗೂ ನಡುವೆ ಸೇರಿಸಬೇಕು. ಬಾಗಿಲು ಮುಚ್ಚಿ, ಲಾಕ್ ಮಾಡಿ, ಕೊಂಚ ಹೊತ್ತು ಕಾಯಬೇಕು. ಹೀಗೆ ಜೋಡಿಸಿರುವಾಗ ತಪ್ಪಿಯೂ ಸ್ಟಾರ್ಟ್ ಮಾಡಬಾರದು, ಮೀಟರ್ ಫ್ಯೂಸ್ ಹೋಗುತ್ತದೆ. ಇಡೀ ಗಾಡಿಗೆ 50 ಮಿಲಿಆಂಪ್ ಒಳಗಿದ್ದರೆ ಚಿಂತೆಯಿಲ್ಲ. ನಮ್ಮದು ಮೂವತ್ತರ ಕೆಳಗೆ ನಿಂತಿತು.

ಹಳೆಯ ಸ್ಟೀರಿಯೋ ಈಗ ಹೊಸದರ ಡಬ್ಬದಲ್ಲಿ ಅಟ್ಟದ ಮೇಲಿದೆ. ಬ್ರಾಕೆಟ್ ಮಾತ್ರ ಗಾಡಿಯಲ್ಲಿ ಉಳಿದಿದೆ ಅಂತ ಡಬ್ಬದ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಕೆಲಸ ರಿವರ್ಸ್ ಕ್ಯಾಮೆರಾ. ನೇರಳೆ-ಬಿಳಿ ವೈರ್ ಅದಕ್ಕಾಗಿಯೇ ಕಾಯುತ್ತಿದೆ, ರಿವರ್ಸ್ ಲೈಟಿನಿಂದ ಒಂದು ಎಳೆ ತಂದು ಕೊಡಬೇಕು. ಆದರೆ ಹಿಂಬಾಗಿಲಿನ ರಬ್ಬರ್ ಕೊಳವೆಯೊಳಗೆ ವೈರ್ ತೂರಿಸೋದು ಬೆರಳು ತಿನ್ನುವ ಕೆಲಸ ಅಂತ ಕೇಳಿದ್ದೇನೆ. ಮಳೆ ನಿಂತ ಮೇಲೆ ನೋಡೋಣ.